ನಾನು ನುಂಗಿದ ಪ್ರಶ್ನೆ

ನನಗೆ ಇಪ್ಪತ್ತಮೂರು ತುಂಬುವ ಮೊದಲೇ ಗಂಡ ವಿಷಮಶೀತ ಜ್ವರದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಆದೋನಿಯ ತವರಿಗೆ ವಾಪಸು ಬಂದೆ. ಮಿಷನ್ ಶಾಲೆಯಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದ್ದರಿಂದ ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತಿತ್ತು. ಆ ಒಂದು ಕಾರಣಕ್ಕೆ ಮಿಷನ್ ಬಂಗಲೆಯ ಬಿಳಿ ದೊರೆಸಾನಿ ನನ್ನನ್ನು ಕೆಲಸಕ್ಕೆ ಕರೆದರು.

ದೊರೆಸಾನಿಗೆ ಆಗ ನಲವತ್ತರ ಮೇಲಾಗಿರಬಹುದು. ಮದುವೆಯಾಗಿರಲಿಲ್ಲ. ಸಮುದ್ರ ದಾಟಿ ಬಂದು ಹದಿನಾಲ್ಕು ವರ್ಷ ಈ ಬಿಸಿಲಿನಲ್ಲೇ ಕಳೆದಿದ್ದರು. ಪುಸ್ತಕ ಓದಿ ಕಲಿತ ತೆಲುಗನ್ನು ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಆಡುತ್ತಿದ್ದರು. ಕನ್ನಡ ಮಾತ್ರ ಅವರಿಗೆ ಹತ್ತಿರಲಿಲ್ಲ. ಆಲೂರಿನ ಕಡೆಯ ಹಳ್ಳಿಗಳಿಗೆ ಹೋದರೆ ಹೆಂಗಸರು ಆಡುವುದು ಕನ್ನಡ. ಸಂತೆಯಲ್ಲಿ, ಸರ್ಕಾರಿ ಜನರ ಹತ್ತಿರ ಮಾತ್ರ ತೆಲುಗು. ಹಾಗಾಗಿ ಎತ್ತಿನ ಬಂಡಿಯಲ್ಲಿ ಅವರ ಪಕ್ಕ ಕುಳಿತು ಊರೂರಿಗೆ ಹೋಗುವುದು, ಅವರ ಮಾತನ್ನು ಹೆಂಗಸರಿಗೂ ಹೆಂಗಸರ ಮಾತನ್ನು ಅವರಿಗೂ ತಿರುಗಿಸಿ ಹೇಳುವುದು ನನ್ನ ಕೆಲಸವಾಯಿತು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೂರ್ನಾಲ್ಕು ವರ್ಷ ಹಿಂದಿನ ಮಾತಿದು.

ನಾವು ಮಾಲರು, ಕನ್ನಡ ಸೀಮೆಯಲ್ಲಿ ಹೊಲೆಯರೆನ್ನುವ ಜಾತಿ. ಅಜ್ಜನ ಕಾಲದಲ್ಲಿ ಕ್ರೈಸ್ತರಾದವರು. ಅಪ್ಪ ಮೂವತ್ತು ವರ್ಷ ಹಳ್ಳಿಗಳಲ್ಲಿ ಉಪದೇಶಿಯಾಗಿ ದುಡಿದು, ನಂತರ ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದರು. ಒಗೆದ ಪಂಚೆ, ಗುಂಡಿ ಹಾಕಿದ ಕೋಟು, ಮಾತಿನಲ್ಲಿ ಗತ್ತು. ನಮ್ಮ ಮನೆಯ ಅಂಗಳ ದಿನಕ್ಕೆರಡು ಸಲ ಸಾರಿಸಿರಬೇಕು. ಯಾರೂ ನಮ್ಮತ್ತ ಬೆರಳು ತೋರಿಸಬಾರದು ಎಂಬುದೇ ಅಪ್ಪನ ದೊಡ್ಡ ಚಿಂತೆ.

ಆಲೂರಿನಿಂದ ಚಿಪ್ಪಗಿರಿಗೆ ಹೋಗುವ ದಾರಿಯಲ್ಲಿ, ಎರೆ ಹೊಲಗಳ ನಡುವೆ ಒಂದು ಹಳ್ಳಿ. ಅಲ್ಲಿ ಮಣ್ಣಿನ ಗೋಡೆಯ ಪುಟ್ಟ ಗುಡಿಯನ್ನು ಕಟ್ಟಿಸಿದ್ದೇ ಅಪ್ಪ. ಮಾಲರ ಹನ್ನೆರಡು ಮನೆಗಳವರು ಬಹಳ ವರ್ಷಗಳಿಂದ ಅಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ನಾನು ಕೆಲಸಕ್ಕೆ ಸೇರುವ ಮುಂಚಿನ ವರ್ಷ ಅದೇ ಊರಿನ ಮಾದಿಗರ ಏಳು ಮನೆಗಳವರೂ ದೀಕ್ಷಾಸ್ನಾನ ತೆಗೆದುಕೊಂಡರು. ಗುಡಿಯೊಳಗೆ ನಮ್ಮವರು ಜಮಖಾನದ ಮೇಲೆ. ಅವರು ಬಾಗಿಲ ಹತ್ತಿರ, ಬರಿ ನೆಲದ ಮೇಲೆ. ಎರಡು ತಿಂಗಳಿಗೊಮ್ಮೆ ಆದೋನಿಯಿಂದ ಪಾದ್ರಿ ಅಯ್ಯನೋರು ಬಂದು ಪ್ರಭುಭೋಜನ ಕೊಡುವಾಗ ಬೆಳ್ಳಿಯ ಬಟ್ಟಲು ನಮ್ಮವರ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಅವರನ್ನು ಕರೆದು, ಬೇರೆ ಹಿತ್ತಾಳೆ ಲೋಟದಲ್ಲಿ ಕೊಡುತ್ತಿದ್ದರು. ಆ ಲೋಟ ತಂದಿಟ್ಟವರು ಅಪ್ಪ. ನನಗೆ ಆಗ ಅದು ತಪ್ಪೆಂದು ಹೊಳೆದಿರಲೇ ಇಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಲೋಟ ಬೇರೆ ಇರುತ್ತದೆ, ಅಷ್ಟೇ.

ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ಆ ಊರಿನಲ್ಲಿ ಹೆಂಗಸರ ಕೂಟ ಕರೆದಿದ್ದೆವು. ದೊರೆಸಾನಿ ಚೆನ್ನಾಗಿ ಮಾತನಾಡಿದರು. ಪ್ರಭುವಿನ ಮುಂದೆ ಮೇಲು ಕೀಳು ಇಲ್ಲ, ನಾವೆಲ್ಲ ಒಂದೇ ಮನೆಯ ಮಕ್ಕಳು ಎಂದರು. ನಾನು ಅದನ್ನು ಇನ್ನಷ್ಟು ಚೆಂದ ಮಾಡಿ ಕನ್ನಡದಲ್ಲಿ ಹೇಳಿದೆ. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ದೊರೆಸಾನಿ ವಿಚಾರಿಸಿದಾಗ ಬಾಗಿಲ ಹತ್ತಿರದಿಂದ ಒಬ್ಬಳು ಎದ್ದು ನಿಂತಳು. ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಹೊಲಿಯುತ್ತಿದ್ದವನ ಹೆಂಡತಿ. ನಲವತ್ತರ ಹತ್ತಿರದ, ಗಟ್ಟಿ ಮೈಯ ಹೆಂಗಸು. ಅಲ್ಲಿಯವರೆಗೆ ಆಕೆ ಬಾಯಿ ತೆರೆದದ್ದನ್ನು ನಾನು ಕೇಳಿರಲಿಲ್ಲ.

"ಒಂದು ಮಾತು ಕೇಳಬೇಕಾಗೈತಿ," ಎಂದಳು. "ಒಂದ ಮನಿ ಮಕ್ಳು ಅಂದ್ರಿ. ಹಂಗಾದ್ರ ನಮಗ ಬ್ಯಾರೆ ಲೋಟ ಯಾಕ? ಎಲ್ಲಾರ್ದೂ ಆದಮ್ಯಾಲ ನಮ್ಮನ್ನ ಯಾಕ ಕರೀತೀರಿ? ಅದು ಹೋಗ್ಲಿ, ದೊರಸಾನಮ್ಮ ನಮ್ಮ ಮನ್ಯಾಗ ಕುಂತು ಒಂದು ತುತ್ತು ಉಣ್ತಾರೇನು? ಅದನ್ನ ಕೇಳಮ್ಮ."

ಜಮಖಾನದ ಮೇಲಿದ್ದ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಅಪ್ಪನ ಲೋಟ, ಅಪ್ಪನ ಗುಡಿ, ಬಿಳಿಯ ಹೆಂಗಸಿನ ಎದುರಿಗೆ ನಮ್ಮ ಮಾನ.

"ಏನು ಹೇಳುತ್ತಿದ್ದಾಳೆ?" ಎಂದು ದೊರೆಸಾನಿ ಇಂಗ್ಲಿಷಿನಲ್ಲಿ ಕೇಳಿದರು.

"ತನ್ನ ಮನೆಗಾಗಿ ಪ್ರಾರ್ಥನೆ ಮಾಡಬೇಕಂತೆ," ಎಂದೆ.

ದೊರೆಸಾನಿಯ ಮುಖ ಅರಳಿತು. ಆಗಲೇ ಕಣ್ಣು ಮುಚ್ಚಿ, ಕೈ ಜೋಡಿಸಿ, ತೆಲುಗಿನಲ್ಲಿ ಆಕೆಯ ಮನೆಯ ಮೇಲೆ, ಗಂಡನ ಮೇಲೆ, ಮಗಳ ಮೇಲೆ ಆಶೀರ್ವಾದ ಬೇಡಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆಕೆ ಕಣ್ಣು ಮುಚ್ಚಲಿಲ್ಲ. ಆಮೆನ್ ಎನ್ನುವವರೆಗೆ ತಡೆದಳು. ಆಮೇಲೆ ನನ್ನ ಮುಖವನ್ನೇ ನೋಡದೆ, ನೇರ ದೊರೆಸಾನಿಗೆ ತೆಲುಗಿನಲ್ಲಿ ಹೇಳಿದಳು:

"ನೇನು ಅಡಿಗಿಂದಿ ಪ್ರಾರ್ಥನ ಕಾದಮ್ಮಾ. ಮಾ ಇಂಟ್ಲೋ ಮೀರು ತಿಂಟಾರಾ?"

ನಾನು ಕೇಳಿದ್ದು ಪ್ರಾರ್ಥನೆಯಲ್ಲ, ನಮ್ಮ ಮನೆಯಲ್ಲಿ ನೀವು ಉಣ್ಣುತ್ತೀರಾ ಎಂದು. ಸಂತೆಗೆ ತೊಗಲಿನ ಸಾಮಾನು ಹೊತ್ತು ಮಾರುವವಳಿಗೆ ತೆಲುಗು ಬಾರದಿರುತ್ತದೆಯೇ? ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಲೋಟದ ಮಾತನ್ನೂ ಆಕೆ ಬಿಡಲಿಲ್ಲ, ಅದನ್ನೂ ತೆಲುಗಿನಲ್ಲಿ ಬಿಡಿಸಿ ಹೇಳಿದಳು.

ದೊರೆಸಾನಿಯ ಬಿಳಿ ಮುಖ ಕುತ್ತಿಗೆಯವರೆಗೆ ಕೆಂಪಾಯಿತು. ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ತಮ್ಮ ಪುಸ್ತಕದ ತೆಲುಗಿನಲ್ಲಿ, "ಉಣ್ಣುತ್ತೇನೆ. ಇವತ್ತೇ ಬರುತ್ತೇನೆ," ಎಂದರು.

ಮಾದಿಗರ ಕೇರಿ ಊರ ಪಶ್ಚಿಮಕ್ಕೆ, ಹಳ್ಳದ ಆಚೆ. ಹದ ಮಾಡಿದ ತೊಗಲಿನ ವಾಸನೆ ದೂರದಿಂದಲೇ ಬಂತು. ಆಕೆಯ ಗುಡಿಸಲಿನ ಬಾಗಿಲಿಗೆ ಬಂದಾಗ ದೊರೆಸಾನಿ ಟೋಪಿ ತೆಗೆದು, ಬಗ್ಗಿ ಒಳಗೆ ಹೋದರು. ನಾನು ಹೊರಗೇ ನಿಂತೆ. "ಒಳಗ ಬಾರಮ್ಮ," ಎಂದು ಆಕೆ ಕರೆದಳು. "ನನಗ ಇವತ್ತು ಉಪಾಸ," ಎಂದೆ. ಆಕೆ ಮತ್ತೆ ಕರೆಯಲಿಲ್ಲ. ಒಳಗೆ ಜೋಳದ ರೊಟ್ಟಿ, ಖಾರದ ಚಟ್ನಿ. ದೊರೆಸಾನಿ ಕೆಮ್ಮುವುದು, ನೀರು ಕೇಳುವುದು, ಮತ್ತೆ ಉಣ್ಣುವುದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಅವರ ಕಣ್ಣು ಮೂಗಿನಲ್ಲೆಲ್ಲ ನೀರು. ಕೇರಿಯ ಮಕ್ಕಳು ನಗುತ್ತಿದ್ದವು, ಅವರೂ ನಗುತ್ತಿದ್ದರು.

ಬಂಡಿ ಆಲೂರಿನ ದಾರಿ ಹಿಡಿದ ಮೇಲೆ ಅವರು ಕೇಳಿದರು, "ಆಕೆ ಪ್ರಾರ್ಥನೆ ಕೇಳಿದಳೆಂದು ಯಾಕೆ ಹೇಳಿದೆ?"

"ನಿಮಗೆ ಮುಜುಗರವಾಗಬಾರದೆಂದು."

"ನನಗೋ, ನಿನಗೋ?"

ಅವರು ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಆದರೂ ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ಅಳುತ್ತಲೇ ಹೇಳಿದೆ. "ನಾನು ನಿಮ್ಮ ಬಂಗಲೆಗೆ ಬರುತ್ತಿರುವುದು ಎರಡು ವರ್ಷದಿಂದ. ಹಿಂದಿನ ಬಾಗಿಲಿನಿಂದ ಬರುತ್ತೇನೆ. ನಿಮ್ಮ ಅಡಿಗೆಯವನು ನನಗೆ ಚಹಾ ಕೊಡುವುದು ಹಿತ್ತಲಿನ ಕಟ್ಟೆಯ ಮೇಲೆ, ತಗಡಿನ ಲೋಟದಲ್ಲಿ. ಒಂದು ದಿನವಾದರೂ ಕೂತುಕೋ ಅಂದಿದ್ದೀರಾ? ಆದೋನಿಯ ಗುಡಿಯಲ್ಲಿ ಬಿಳಿಯವರಿಗೆಲ್ಲ ಮುಂದೆ ಕುರ್ಚಿ, ಬಟ್ಟಲು ಮೊದಲು ನಿಮಗೆ, ಆಮೇಲೆ ನಮಗೆ. ಸಂಜೆ ನಿಮ್ಮವರು ಇಂಗ್ಲಿಷಿನಲ್ಲಿ ಮಾಡುವ ಪ್ರಾರ್ಥನೆಗೆ ನಮ್ಮಲ್ಲಿ ಒಬ್ಬರನ್ನೂ ಕರೆದಿಲ್ಲ. ಇವತ್ತು ಅವಳ ಮನೆಯಲ್ಲಿ ಉಂಡಿರಿ. ನನ್ನ ಮನೆಯಲ್ಲಿ ಎಂದು ಉಂಡಿದ್ದೀರಿ?"

ಇಷ್ಟು ಮಾತು ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಕೆಲಸ ಹೋಯಿತೆಂದುಕೊಂಡೆ. ಬಂಡಿ ಹೊಡೆಯುವ ಮುದುಕನಿಗೆ ಇಂಗ್ಲಿಷು ಬಾರದಿದ್ದರೂ ಎತ್ತುಗಳನ್ನು ನಿಧಾನ ಮಾಡಿ ಕಿವಿಗೊಟ್ಟಿದ್ದ. ದೊರೆಸಾನಿ ಹೊಲಗಳ ಕಡೆ ಮುಖ ತಿರುಗಿಸಿದರು. "ನನಗೆ ಕಂಡಿರಲಿಲ್ಲ," ಎಂದರು. ಆಮೇಲೆ, "ಕಾಣುತ್ತಿತ್ತು. ನೋಡಿರಲಿಲ್ಲ," ಎಂದು ತಿದ್ದಿಕೊಂಡರು.

ಆದೋನಿಗೆ ಮರಳಿದ ಮರುದಿನ ಬಂಗಲೆಗೆ ಹೋದಾಗ ಅವರು ಮುಂಬಾಗಿಲಿನಲ್ಲಿ ನಿಂತಿದ್ದರು. ಊಟದ ಮೇಜಿಗೆ ಕರೆದೊಯ್ದು ಎದುರಿನ ಕುರ್ಚಿ ತೋರಿಸಿದರು. ಅಡಿಗೆಯವನು ಗೊಣಗಿಕೊಂಡೇ ಪಿಂಗಾಣಿ ಬಟ್ಟಲು ತಂದಿಟ್ಟ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡೆ. ಅವರು ಸಕ್ಕರೆಯ ಡಬ್ಬಿಯನ್ನು ಎರಡೆರಡು ಸಲ ನನ್ನ ಕಡೆ ಸರಿಸಿದರು. ಹೀಗೇ ಹದಿನೈದು ದಿನ ನಡೆಯಿತು. ಆಮೇಲೆ ಬಳ್ಳಾರಿಯಿಂದ ಅವರ ಕಡೆಯ ನಾಲ್ಕು ಜನ ಬಂದಿಳಿದರು. ಅಂದು ದೊರೆಸಾನಿ ಹಿತ್ತಲಿನ ಮೆಟ್ಟಿಲಿನ ಹತ್ತಿರವೇ ನನ್ನನ್ನು ತಡೆದು, ನೆಲ ನೋಡುತ್ತಾ, "ಇವತ್ತು ಜನ ಬಂದಿದ್ದಾರೆ," ಎಂದರು. ಅಂದಿನ ಚಹಾ ಮತ್ತೆ ತಗಡಿನ ಲೋಟದಲ್ಲಿ ಬಂತು.

ಅವರ ಮೇಲೆ ಎಷ್ಟು ಸಿಟ್ಟು ಬರಬೇಕಿತ್ತೋ ಅಷ್ಟು ಬರಲಿಲ್ಲ. ಯಾಕೆಂದರೆ ಗುಡಿಸಲಿನ ಬಾಗಿಲಲ್ಲಿ ನಾನು ನಿಂತದ್ದು ಕಣ್ಣ ಮುಂದೆ ಬಂತು. ತಮ್ಮವರು ನೋಡುತ್ತಾರೆಂಬ ಭಯ ಅವರಿಗೆ. ನನ್ನ ಭಯವೂ ಅದೇ.

ಅಷ್ಟರಲ್ಲಿ ಹಳ್ಳಿಯಿಂದ ಸುದ್ದಿ ಬಂತು. ಮಾದಿಗರ ಏಳು ಮನೆಯವರೂ ಗುಡಿಗೆ ಬರುವುದನ್ನು ನಿಲ್ಲಿಸಿದ್ದಾರೆ, ಕೇರಿಯ ಹುಣಸೆ ಮರದ ಕೆಳಗೆ ತಾವೇ ಕುಳಿತು ಹಾಡಿಕೊಳ್ಳುತ್ತಿದ್ದಾರೆ. ಅಪ್ಪ ಊಟಕ್ಕೆ ಕುಳಿತಾಗ ನಾನು ಮಾತು ತೆಗೆದೆ.

"ಅಪ್ಪಾ, ಆ ಲೋಟ ತೆಗೆದುಬಿಡ್ರಿ."

ಅಪ್ಪ ತಲೆ ಎತ್ತಲಿಲ್ಲ. "ನಾನು ಸಾಲಿಗಿ ಹೋಗಾಗ ಗೌಡರ ಬಾವಿ ಮುಂದ ನಿಂತು ಬೊಗಸಿ ಒಡ್ಡತಿದ್ದೆ, ಗೊತ್ತೈತೇನು ನಿನಗ? ಮ್ಯಾಲಿಂದ ಸುರಿತಿದ್ರು. ಮುಕ್ಕಾಲು ನೀರು ನೆಲಕ್ಕ. ಈಗ ಅದೇ ಊರಾಗ ನನ್ನ ಉಪದೇಶಿಗಳು ಅಂತಾರ. ಒಂದು ಮೆಟ್ಲು ಹತ್ತೋಕ ಮೂರು ತಲಿ ಬೇಕಾತು, ತಾಯಿ. ಈಗ ಅವರ ಕೂಡ ಕುಡುದ್ರ ಊರು ನಮ್ಮನ್ನೂ ಅವರನ್ನೂ ಒಂದ ಅಂತೈತಿ."

"ಬೊಗಸಿ ಒಡ್ಡಿದಾಗ ನಿಮಗ ಹೆಂಗ ಆಗ್ತಿತ್ತು, ಅಪ್ಪಾ?"

ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು. ಹಾಗೆ ಕೇಳಬಾರದಿತ್ತೇನೋ ಎಂದು ಇವತ್ತಿಗೂ ಅನ್ನಿಸುತ್ತದೆ.

ಮುಂದಿನ ವಾರ ದೊರೆಸಾನಿಯನ್ನು ಕೇಳಿ ಮೂರು ದಿನದ ರಜೆ ಪಡೆದು, ಹತ್ತಿ ಹೇರಿ ಬಂದು ಖಾಲಿ ಹೋಗುತ್ತಿದ್ದ ಬಂಡಿ ಹತ್ತಿ ಒಬ್ಬಳೇ ಆ ಹಳ್ಳಿಗೆ ಹೋದೆ. ಆಕೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದು ಕಂಡರೂ ಕೈಯಲ್ಲಿದ್ದ ರೊಟ್ಟಿ ಬೇಯಿಸಿ, ಇನ್ನೊಂದು ತಟ್ಟಿ, ಅದನ್ನೂ ಬೇಯಿಸಿದಳು.

"ಅಕ್ಕಾ," ಎಂದೆ. ಆಕೆಯನ್ನು ಹಾಗೆ ಕರೆದದ್ದು ಅದೇ ಮೊದಲು. "ಅವತ್ತು ನಿನ್ನ ಮಾತು ನಾನು ಸರಿಯಾಗಿ ಹೇಳಲಿಲ್ಲ."

"ಗೊತ್ತೈತಿ. ದೊರಸಾನಮ್ಮ ಕಣ್ಣು ಮುಚ್ಚಿದ ಕೂಡ್ಲೆ ಗೊತ್ತಾತು," ಎಂದಳು. "ಅದಕ್ಕೇನು ಸಿಟ್ಟಿಲ್ಲ ನನಗ. ಅಪ್ಪನ ಮಾನ ಕಾಯ್ಕೊಂಡಿ. ಉಪಾಸ ಅಂದ್ಯಲ್ಲ, ಅದಕ್ಕ ಹೊಟ್ಟಿ ಉರೀತು. ಗುಡಿ ಹಿಂದ ನಿಂತು ನೀನು ಬುತ್ತಿ ಬಿಚ್ಚಿ ಉಂಡಿದ್ದು ನನ್ನ ಮಗಳು ನೋಡ್ಯಾಳ."

ಇದನ್ನು ನಾನು ಮೇಲೆ ಬರೆಯದೆ ಬಿಟ್ಟಿದ್ದೆ. ಬರೆಯಲು ಕೈ ಬಂದಿರಲಿಲ್ಲ. ಹೌದು, ದೊರೆಸಾನಿ ಗುಡಿಸಲಿನಲ್ಲಿ ಕೆಮ್ಮುತ್ತಾ ಉಣ್ಣುವುದನ್ನು ಸ್ವಲ್ಪ ಹೊತ್ತು ಕೇಳಿ, ಆಮೇಲೆ ನಾನು ಹಳ್ಳ ದಾಟಿ ಬಂದು, ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಗೋಡೆಗೆ ಮುಖ ಮಾಡಿ ಉಂಡು, ಬಾಯಿ ಒರೆಸಿಕೊಂಡು ವಾಪಸು ಹೋಗಿ ನಿಂತಿದ್ದೆ.

ಒಳಗೆ ಹೋಗಿ ನೆಲದ ಮೇಲೆ ಕುಳಿತೆ. "ನನಗ ಹಸಿವಾಗೈತಿ," ಎಂದೆ. ಆಕೆ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟಳು. ಮೊದಲ ತುತ್ತು ಗಂಟಲಲ್ಲೇ ನಿಂತಿತು. ಮನಸ್ಸು ಸರಿಯಾಗಿದ್ದರೂ ಮೈ ಒಪ್ಪಲಿಲ್ಲ. ಕಲಿತದ್ದು ಅಷ್ಟು ಆಳಕ್ಕೆ ಇಳಿದಿತ್ತು. ಆಕೆ ನೋಡಿ ನೀರಿನ ತಂಬಿಗೆ ಮುಂದೆ ಸರಿಸಿದಳು. ಎರಡನೆಯ ತುತ್ತು ಇಳಿಯಿತು. ಮೂರನೆಯದಕ್ಕೆ ಪಲ್ಯದ ಹುಳಿ ರುಚಿಯಾಗಿ ಹತ್ತಿತು. ಎರಡು ರೊಟ್ಟಿ ಉಂಡೆ.

"ಈಗ ಒಂದು ಕೆಲ್ಸ ಮಾಡು," ಎಂದಳು ಆಕೆ. "ನಮ್ಮ ಮಾತು ಒಯ್ದು ಅಯ್ಯನೋರ ಮುಂದ ಹೇಳು. ಲೋಟ ತೆಗೀರಿ, ಇಲ್ಲಾಂದ್ರ ನಮ್ಮ ಹೆಸ್ರು ತೆಗೀರಿ. ಬರೋಬರ್ ಇಷ್ಟ ಹೇಳು. ಸಿಹಿ ಹಚ್ಚಬ್ಯಾಡ."

ಹಿರಿಯರ ಕೂಟ ಆದೋನಿಯ ಗುಡಿಯಲ್ಲಿ ಪ್ರತಿ ತಿಂಗಳು ನಡೆಯುತ್ತಿತ್ತು. ಹೆಂಗಸರಿಗೆ ಅಲ್ಲಿ ಮಾತಿರಲಿಲ್ಲ. ನೀವು ಹೇಳಿದರೆ ಕೇಳುತ್ತಾರೆ, ಬನ್ನಿ ಎಂದು ದೊರೆಸಾನಿಯನ್ನು ಬೇಡಿದೆ. ಅವರು ಒಪ್ಪಲಿಲ್ಲ. "ನಾನು ಹೇಳಿದರೆ ಅದು ಬಿಳಿಯರ ಅಪ್ಪಣೆಯಾಗುತ್ತದೆ. ಎದುರಿಗೆ ಹೂಂ ಅಂದು, ನಾನು ಹೋದ ಮೇಲೆ ಲೋಟ ವಾಪಸು ಬರುತ್ತದೆ. ಅವಳು ಹೇಳು ಅಂದದ್ದು ನಿನಗೆ." ಆಗ ನನಗೆ ಕೋಪ ಬಂದಿತ್ತು. ಅವರು ಸರಿಯಾಗಿಯೇ ಹೇಳಿದ್ದರು.

ಕೂಟದ ದಿನ ಬಾಗಿಲ ಹತ್ತಿರ ಹೋಗಿ ನಿಂತೆ. ಒಳಗೆ ಪಾದ್ರಿ ಅಯ್ಯನೋರು, ಐದು ಜನ ಹಿರಿಯರು. ಅವರಲ್ಲಿ ಅಪ್ಪ. ಅಯ್ಯನೋರು ನಮ್ಮವರೇ, ತೆಳ್ಳನೆಯ, ಮೆಲುಮಾತಿನ ಮನುಷ್ಯ. "ಏನಮ್ಮ?" ಎಂದರು. ಆಕೆ ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಹೆಂಗಸರ ಕೂಟದಲ್ಲಿ ನಾನು ಸುಳ್ಳು ಹೇಳಿದ್ದನ್ನೂ ಹೇಳಿದೆ. ಆಮೇಲೆ ನನ್ನದೇ ಒಂದು ಮಾತು ಸೇರಿಸಿದೆ: "ಈ ಗುಡಿಯ ಮುಂದಿನ ಕುರ್ಚಿಗಳೂ ಆ ಲೋಟದ ಹಾಗೇ ಅಯ್ಯನೋರೇ."

ಒಬ್ಬ ಹಿರಿಯರು, "ಉಪದೇಶಿಗಳೇ, ಮಗಳನ್ನ ಮನಿಗೆ ಕಳಸ್ರಿ," ಎಂದರು. ಅಪ್ಪ ಎದ್ದೇಳಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ತಮ್ಮ ಕೋಟಿನ ಗುಂಡಿ ನೋಡುತ್ತಾ ಕುಳಿತಿದ್ದರು. ಅಯ್ಯನೋರು ಮಾತ್ರ ಮೆಲ್ಲಗೆ, "ಹದಿನೈದು ವರ್ಷ ಆತು ನನಗ ಪಾದ್ರಿ ಪಟ್ಟ ಸಿಕ್ಕು. ಬಂಗ್ಲೇಕ ನಾನೂ ಹಿಂದಿನ ಮೆಟ್ಲಿನಿಂದನ ಹೋಗ್ತೀನಿ," ಎಂದರು. ಆಮೇಲೆ ಕೂಟದ ಪುಸ್ತಕ ತೆರೆದು ಬರೆಯುತ್ತಾ ಹೇಳಿದರು: "ಮುಂದಿನ ಸಲ ಆ ಊರಾಗ ಒಂದ ಬಟ್ಲು. ಯಾರು ಎಲ್ಲಿ ಕುಂತಾರೋ ಅಲ್ಲಿಂದ ಬರಲಿ. ಒಪ್ಪದವರಿಗೆ ಜುಲುಮಿ ಇಲ್ಲ."

ಪ್ರಭುಭೋಜನದ ಭಾನುವಾರ ಹಳ್ಳಿಯ ಗುಡಿ ತುಂಬಿತ್ತು. ಆದೋನಿಯಿಂದ ಅಪ್ಪ, ಅವ್ವನೂ ಬಂದಿದ್ದರು. ಮಾದಿಗರ ಏಳು ಮನೆಯವರೂ ಬಂದಿದ್ದರು, ಆದರೆ ಅಭ್ಯಾಸದಂತೆ ಬಾಗಿಲ ಹತ್ತಿರವೇ ಕುಳಿತಿದ್ದರು. ನಾನು ಹೋಗಿ ಆಕೆಯ ಪಕ್ಕ ಕುಳಿತೆ. ಮೊದಲು ಬಾಗಿಲ ಕಡೆಯವರು ಬನ್ನಿ ಎಂದು ಅಯ್ಯನೋರು ಕರೆದಾಗ ಅಪ್ಪ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅವರ ಹಿಂದೆ ನಾಲ್ಕು ಮನೆಯವರು ಹೋದರು. ಅವ್ವನೂ ಹೋದಳು. ಹೋಗುವಾಗ ನನ್ನ ಸೆರಗು ಹಿಡಿದೆಳೆದಳು, ನಾನು ಏಳಲಿಲ್ಲ. ಉಳಿದವರು ಮೊಣಕಾಲೂರಿದೆವು. ಬಟ್ಟಲು ಆಕೆಯ ತುಟಿಯಿಂದ ನನ್ನ ತುಟಿಗೆ ಬಂತು. ನೀರು ಬೆರೆಸಿದ ದ್ರಾಕ್ಷಿ ರಸ, ಎಂದಿನ ರುಚಿ. ನನ್ನ ಗಮನವೆಲ್ಲ ಹೊರಗೆ ಬಿಸಿಲಿನಲ್ಲಿ ನಿಂತ ಅಪ್ಪನ ಕಡೆಗಿತ್ತು.

ಆದೋನಿಯ ಗುಡಿಯ ಕುರ್ಚಿಗಳು ಅಷ್ಟು ಸುಲಭಕ್ಕೆ ಹೋಗಲಿಲ್ಲ. ದೊರೆಸಾನಿ ಮಾತ್ರ ಒಂದು ಭಾನುವಾರದಿಂದ ಕುರ್ಚಿ ಬಿಟ್ಟು ಜಮಖಾನದ ಮೇಲೆ ಹೆಂಗಸರ ನಡುವೆ ಕುಳಿತರು. ಅವರ ಮೊಣಕಾಲು ಮಡಚುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಹಿಡಿದು ಎಬ್ಬಿಸಬೇಕಾಗುತ್ತಿತ್ತು. ಅವರ ಕಡೆಯವರು ಕೆಲವರು ಇದರಿಂದ ಅವರೊಡನೆ ಮಾತು ಕಡಿಮೆ ಮಾಡಿದರೆಂದು ಆಮೇಲೆ ತಿಳಿಯಿತು. ಜನ ಬಂದ ದಿನವೂ ನನಗೆ ಮೇಜಿನಲ್ಲಿ ಕುರ್ಚಿ ಹಾಕಿಸುವಷ್ಟು ಗಟ್ಟಿಯಾಗಲು ಅವರಿಗೆ ಇನ್ನೊಂದು ವರ್ಷ ಹಿಡಿಯಿತು. ಯುದ್ಧದ ನಡುವೆ ಅವರು ಕಾಯಿಲೆಯಾಗಿ ತಮ್ಮ ದೇಶಕ್ಕೆ ಹೊರಟಾಗ, ಪಾದ್ರಿ ಅಯ್ಯನೋರು ಬಂಗಲೆಯ ಮುಂಬಾಗಿಲಿನಿಂದ ಒಳಗೆ ಹೋಗಿ ಅವರನ್ನು ಬೀಳ್ಕೊಟ್ಟರು.

ಹೊರಗೆ ಹೋದ ನಾಲ್ಕು ಮನೆಗಳಲ್ಲಿ ಎರಡು ವಾಪಸು ಬಂದವು. ಉಳಿದ ಎರಡು ಬರಲೇ ಇಲ್ಲ. ಬಟ್ಟಲು ಒಂದಾದರೂ ಹೆಣ್ಣು ಕೊಟ್ಟು ತರುವುದು ಒಂದಾಗಲಿಲ್ಲ. ಆ ಮಾತೆತ್ತಿದರೆ ಇವತ್ತಿಗೂ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ಅಪ್ಪ ಒಂದೂವರೆ ವರ್ಷ ಪ್ರಭುಭೋಜನ ತೆಗೆದುಕೊಳ್ಳಲಿಲ್ಲ. ಗುಡಿಗೆ ಬರುತ್ತಿದ್ದರು, ಹಾಡುತ್ತಿದ್ದರು, ಬಟ್ಟಲಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಒಂದು ಸಲ ನಾನು ಆ ಹಳ್ಳಿಗೆ ಹೊರಟಾಗ ಅವರೂ ಬಂದು ಬಂಡಿ ಹತ್ತಿದರು. ಹಳ್ಳ ದಾಟುವಾಗ, "ಆಕಿ ನನ್ನ ಬಗ್ಗೆ ಏನಂತಾಳ?" ಎಂದು ಕೇಳಿದರು. "ಏನೂ ಅನ್ನಂಗಿಲ್ಲಪ್ಪ," ಎಂದೆ. ನಿಜವಾಗಿಯೂ ಆಕೆ ಏನೂ ಅಂದಿರಲಿಲ್ಲ.

ಅಪ್ಪ ಗುಡಿಸಲಿನ ಹೊರಗೆ ಕಟ್ಟೆಯ ಮೇಲೆ ಕುಳಿತರು. ಆಕೆಯ ಗಂಡ ಬಾನಿ ಹೊಲಿಯುವುದನ್ನು ನಿಲ್ಲಿಸಿ ಎದ್ದು ನಿಂತ. "ಕುಂದ್ರೋ ಮಾರಾಯ, ಕೆಲ್ಸ ಮಾಡು," ಎಂದರು ಅಪ್ಪ. ಮಳೆಯ ಮಾತಾಯಿತು, ಎತ್ತಿನ ಮಾತಾಯಿತು. ಲೋಟದ ಮಾತು, ಕ್ಷಮೆಯ ಮಾತು ಯಾವುದೂ ಬರಲಿಲ್ಲ. ಆಕೆ ಮಜ್ಜಿಗೆ ತಂದು ಕೊಟ್ಟಳು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಎತ್ತಿನ ಮಾತೇ ಆಡಿದರು. ಆಮೇಲೆ ಒಂದೇ ಉಸಿರಿಗೆ ಕುಡಿದರು.

ವಾಪಸು ಬರುವಾಗ ಬಂಡಿಯಲ್ಲಿ, "ನಿಮ್ಮವ್ವಗ ನೀನು ಹೇಳಬ್ಯಾಡ. ನಾನ ಹೇಳ್ತೀನಿ," ಎಂದರು.

ಹೇಳಲು ಅವರಿಗೆ ಒಂದು ವಾರ ಬೇಕಾಯಿತು. ಅವ್ವ ಮೂರು ದಿನ ಅವರೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದವಳು ಕೈ ನಿಲ್ಲಿಸಿ, ಅಪ್ಪನ ಕಡೆ ತಿರುಗದೆಯೇ ಕೇಳಿದಳು, "ಮಜ್ಜಿಗಿಗಿ ಉಪ್ಪು ಹಾಕಿದ್ಲೇನು ಆಕಿ?"